ಪಥ್ಯಕ್ಕೆ ಗೋಧಿ ಬರ್ಬನ್

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. 'ರಾತ್ರಿ ಅನ್ನ ಬಿಡಿ, ಗೋಧಿ ತಗೊಳ್ಳಿ' ಎಂದು ದಾವಣಗೆರೆಯ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಕೆಂಟಕಿಗೆ ಬಂದ ಮೇಲೂ ಪಥ್ಯ ತಪ್ಪಿರಲಿಲ್ಲ. ಅಂಗಡಿಯಲ್ಲಿ ಮೇಕರ್ಸ್ ಮಾರ್ಕ್ ಎಂಬ ಬರ್ಬನ್ ವಿಸ್ಕಿ ತೋರಿಸಿ, 'ಹೆಚ್ಚಿನವರು ರೈ ಧಾನ್ಯ ಹಾಕುವ ಕಡೆ ಇವರು ಗೋಧಿ ಹಾಕ್ತಾರೆ ಮಾವ' ಎಂದದ್ದೇ ತಡ, 'ಹಂಗಾದ್ರೆ ಡಾಕ್ಟರು ಹೇಳಿದ್ದೇ ಆಯ್ತಲ್ಲ ಅಳಿಯಂದ್ರೇ' ಎಂದು ಬಾಟಲಿಯನ್ನು ಟ್ರಾಲಿಗೆ ಇಳಿಸಿಯೇಬಿಟ್ಟರು.

ಮನೆಯಲ್ಲಿ ನನ್ನ ಹೆಂಡತಿ ಫೋನ್ ನೋಡಿ ಲೆಕ್ಕ ಒಪ್ಪಿಸಿದಳು: ಗೋಧಿ ಶೇ. 16, ಬಾರ್ಲಿ ಮಾಲ್ಟ್ 14, ಮಿಕ್ಕ 70 ಮೆಕ್ಕೆಜೋಳ. ಶೇ. 51 ಆದರೂ ಮೆಕ್ಕೆಜೋಳ ಇಲ್ಲದಿದ್ದರೆ ಅಮೆರಿಕದ ಕಾನೂನು ಅದನ್ನು ಬರ್ಬನ್ ಎನ್ನಲು ಬಿಡುವುದಿಲ್ಲ. ಮಾವನವರು ಹುಬ್ಬೇರಿಸಿದರು. 'ನಮ್ಮೂರಲ್ಲಿ ಕೋಳಿ ಫೀಡಿಗೆ ಹೋಗೋ ಮಾಲಿಗೆ ಇಲ್ಲಿ ಇಷ್ಟು ಮರ್ಯಾದೆಯಾ?'

ರುಚಿ ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಬಾಯಿ ತುಸು ತೆರೆದೇ ಮೂಸಬೇಕು, ಇಲ್ಲದಿದ್ದರೆ ಶೇ. 45ರ ಮದ್ಯಸಾರದ ಘಾಟು ನೇರ ನೆತ್ತಿಗೆ. ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಹೊರಳಿಸಬೇಕು. ಮಾವನವರು ಇಷ್ಟನ್ನೆಲ್ಲ ಕೇಳಿಸಿಕೊಂಡು, ಕಷಾಯ ಕುಡಿಯುವವರಂತೆ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಎತ್ತಿದರು. 'ಖಾರವೇ ಇಲ್ವಲ್ರೀ!' ಮೆಣಸಿನ ಚುರುಕು ರೈಯದು, ಗೋಧಿಯದು ಸೌಮ್ಯ ಸ್ವಭಾವ.

ನಿಜವಾದ ರಸಿಕತೆ ಹೊರಬಿದ್ದದ್ದು ಹನಿ ಮುಟ್ಟದ ಅತ್ತೆಯಿಂದ. ಲೋಟ ತೊಳೆಯಲು ಎತ್ತಿಕೊಂಡವರು ಮೂಸಿ ನಿಂತರು. 'ಬೆಲ್ಲದ ಪಾಕ. ಒಂದು ಚೂರು ಜಾಸ್ತಿ ಕಾದಿದೆ. ಏಲಕ್ಕಿ ಅಲ್ಲ... ಐಸ್‌ಕ್ರೀಮ್ ವಾಸನೆ.' ಭೇಷ್! ಹೊಸ ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕರಿಕಲಾಗಿಸಿ ಅದರಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮರದ ಸಕ್ಕರೆ ಸುಟ್ಟು ಪಾಕದ ವಾಸನೆ, ಅದೇ ಮರದಿಂದ ವೆನಿಲ್ಲಾ.

ಈ ಮೇಕರ್ಸ್ ಮಾರ್ಕ್ ಕೂಡ ಅಡುಗೆಮನೆಯ ಕೂಸೇ. 1950ರ ದಶಕದಲ್ಲಿ ಇದನ್ನು ಹುಟ್ಟುಹಾಕಿದ ಬಿಲ್ ಸ್ಯಾಮ್ಯುಯೆಲ್ಸ್, ಪೀಪಾಯಿ ಹಣ್ಣಾಗುವವರೆಗೆ ಯಾರು ಕಾಯುತ್ತಾರೆಂದು, ಬೇರೆ ಬೇರೆ ಧಾನ್ಯದ ಬ್ರೆಡ್ ಬೇಯಿಸಿ ಪಾಕವಿಧಾನ ಆರಿಸಿದರಂತೆ. ಹೆಸರಿಟ್ಟು, ಬಾಟಲಿಯ ಬಾಯಿಗೆ ಕೆಂಪು ಮೇಣ ಹಾಕಿಸಿದ್ದು ಹೆಂಡತಿ ಮಾರ್ಜಿ. ಅತ್ತೆ ಮಾವನವರತ್ತ ನೋಡಿ ನಿಟ್ಟುಸಿರಿಟ್ಟರು. 'ಪುಣ್ಯವಂತೆ, ಬಾಟ್ಲಿದಾದ್ರೂ ಬಾಯಿ ಮುಚ್ಚಿಸಿದ್ಳು.'

ಊರಿಂದ ಹಿರಿಯರು ಬಂದಾಗ ಬಾಟಲಿ ತೆಗೆಯುವ ಅಳಿಯಂದಿರಲ್ಲಿ ನನ್ನದೊಂದು ವಿನಂತಿ: ಮೊದಲು ಅತ್ತೆಯ ಕೈಯಲ್ಲಿ ಮೂಸಿಸಿ, ಆಮೇಲೆ ಮಾವನಿಗೆ ಅರ್ಧ ಪೆಗ್ಗಿಗೆ ನಿಲ್ಲಿಸಿ. ಗೋಧಿಯ ಮಾತನ್ನಂತೂ ಎತ್ತಲೇಬೇಡಿ. ಭಟ್ಟಿ ಇಳಿದು ಬಂದದ್ದರಲ್ಲಿ ಚಪಾತಿಯ ಗುಣ ಒಂದು ತೊಟ್ಟೂ ಉಳಿದಿರುವುದಿಲ್ಲ.