ಮಾಡೂಣ್ರಿ ಅಂದ್ರ ಯಾರು ಮಾಡಬೇಕ್ರಿ?

ಗ್ರಾಹಕ ಸೇವೆಗೆ ಫೋನು ಹಚ್ಚಿದರೆ ಮೊದಲು ಕೇಳಿಸುವುದು, ನಿಮ್ಮ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಎಂಬ ಎಚ್ಚರಿಕೆ. ಗಿರಾಕಿ ಎಲ್ಲಿ ಸಿಟ್ಟಾದ, ಎಲ್ಲಿ ತಣ್ಣಗಾದ ಎಂದು ಆ ಧ್ವನಿಯನ್ನು ಸೋಸಿ ಹೇಳುವ ಸಾಫ್ಟ್‌ವೇರೂ ಬಂದಿದೆಯಂತೆ. ಪಾಪ, ಸುಮ್ಮನೆ ಖರ್ಚು. ಹುಬ್ಬಳ್ಳಿಯ ಗೋಪನಕೊಪ್ಪದ ಹಿರಿಯರೊಬ್ಬರನ್ನು ಊರಿನ ಯಾವುದಾದರೂ ಕಚೇರಿಯ ಕಿಟಕಿಗೆ ಕಳಿಸಿ, ಹಿಂದಿನ ಬೆಂಚಿನ ಮೇಲೆ ಕೂತು ಕೇಳಿದರೆ ಸಾಕಿತ್ತು.

“ಉತಾರದಾಗ ಹೆಸರು ಏರಿಸೂದಿತ್ರಿ.”

“ಏರಸೂಣ್ರಿ.”

“ಯಾವಾಗ್ರಿ?”

“ಮಾಡೂಣ್ರಿ, ಬರ್ರಿ.”

“ಕಾಗದಪತ್ರ ಎಲ್ಲಾ ಬರೋಬರಿ ಅದಾವಲ್ರಿ?”

“ಅದಾವ್ರಿ. ಸಾಹೇಬ್ರು ಬರ್ಲಿ, ನೋಡೂಣು.”

ಹುಡುಕಿದರೂ ಒಂದು ಒರಟು ಮಾತು ಸಿಗದು. ‘ಇಲ್ಲ’ ಅಂತೂ ಇಲ್ಲವೇ ಇಲ್ಲ. ಏರಸೂಣ, ಮಾಡೂಣ, ನೋಡೂಣ: ಮೂರರಲ್ಲೂ ಅರ್ಜಿದಾರನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡಿದ್ದಾರೆ. ನಾಳೆ ಫೈಲು ಅಲುಗದಿದ್ದರೆ ತಪ್ಪಿನಲ್ಲೂ ಅವನಿಗೆ ಅರ್ಧ ಪಾಲು. ನಿಜಕ್ಕೂ ಸಹಿ ಹಾಕಬೇಕಾದ ಸಾಹೇಬರು ಕಟ್ಟಕಡೆಗೆ ಬರುತ್ತಾರೆ, ಅದೂ ಬರಲಿ ಎಂಬ ಹಾರೈಕೆಯ ರೂಪದಲ್ಲಿ. ಇದೇ ಗುಮಾಸ್ತರು ಪೆನ್ನು ಹಿಡಿದರೆ “ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು”. ಅಲ್ಲಿ ಕೈಗೊಳ್ಳುವ ಕೈಯೇ ಮಾಯ.

ಅಮೆರಿಕದ ಹಾರ್ವೆ ಸ್ಯಾಕ್ಸ್ ಎಂಬ ಸಮಾಜಶಾಸ್ತ್ರಜ್ಞ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ಕರೆಗಳ ಧ್ವನಿಮುದ್ರಣ ಕೇಳುತ್ತ, ಸಿಬ್ಬಂದಿ ಮೊದಲು ತಮ್ಮ ಹೆಸರು ಹೇಳಿದರೆ ಕರೆ ಮಾಡಿದವರೂ ಸಾಮಾನ್ಯವಾಗಿ ತಮ್ಮ ಹೆಸರು ಹೇಳುವುದನ್ನು ಗಮನಿಸಿದ. ಹೇಳಲು ಮನಸ್ಸಿಲ್ಲದವನು ‘ಸರಿಯಾಗಿ ಕೇಳಿಸುತ್ತಿಲ್ಲ’ ಎಂದು ಜಾರಿಕೊಳ್ಳುತ್ತಿದ್ದ. ಸಂಭಾಷಣೆಯ ವಿಶ್ಲೇಷಣೆ ಎಂಬ ದೊಡ್ಡ ಶಾಸ್ತ್ರ ಬೆಳೆದದ್ದು ಇಂಥ ಸಣ್ಣ ಸಣ್ಣ ಗಮನಿಕೆಗಳಿಂದ. ಸ್ಯಾಕ್ಸ್ ಹುಬ್ಬಳ್ಳಿಗೆ ಬಂದಿದ್ದರೆ ಶಾಸ್ತ್ರವನ್ನೇ ತಿರುವಿ ಹಾಕಬೇಕಾಗುತ್ತಿತ್ತು. ಇಲ್ಲಿ ಕಚೇರಿಯೇ “ಯಾರ್ರಿ ಮಾತಾಡೂದು?” ಎನ್ನುತ್ತದೆ. ನಾವು ಹೆಸರು, ಅಡ್ಡಹೆಸರು, ತಂದೆಯ ಹೆಸರು, ಓಣಿ ಎಲ್ಲ ಒಪ್ಪಿಸಿ, “ತಾವು ಯಾರ್ರಿ?” ಎಂದರೆ ಉತ್ತರ “ಆಫೀಸ್ರಿ”. ಮತ್ತೊಮ್ಮೆ ಕೇಳಿದರೆ “ಹಲೋ, ಕೇಳಸವಲ್ದ್ರಿ”.

ಇಷ್ಟೊಂದು ನಯ ಸುಮ್ಮನೆ ಬಂದದ್ದಲ್ಲ. ನಮ್ಮಲ್ಲಿ 2011ರ ಸಕಾಲ ಕಾಯ್ದೆ ಇದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗೊತ್ತುಮಾಡಿದ ಅವಧಿ ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅಂದರೆ 26ನೇ ದಿನದಿಂದ ವಿಳಂಬ ಪುಕ್ಕಟೆ! ಆದರೆ ಆ 500ಕ್ಕೂ ಕೈ ಹಾಕುವ ಪ್ರಸಂಗ ಬರಬಾರದಲ್ಲ? ದಿನದ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕರಿಸಿದ ಮೇಲೆ. ಕಾಗದ ಮುಟ್ಟದೆ, ಮುಖ ಕೆಡಿಸದೆ, ಮನುಷ್ಯನನ್ನು ಮನೆಗೆ ಕಳಿಸಿಬಿಟ್ಟರೆ ಕಾಯ್ದೆಯ ಪ್ರಕಾರ ಅವನು ಕಚೇರಿಗೆ ಬಂದೇ ಇಲ್ಲ. “ಮಾಡೂಣ್ರಿ, ಬರ್ರಿ” ಮಾಡುವ ಕೆಲಸ ಅದೊಂದೇ, ಮತ್ತು ಅದನ್ನು ಚೊಕ್ಕವಾಗಿ ಮಾಡುತ್ತದೆ.

ಗೋಪನಕೊಪ್ಪದ ಹಿರಿಯರೇ, ಮುಂದಿನ ಸಲ ನೀವೂ ಅಷ್ಟೇ ನಯವಾಗಿ, “ಕೂಡೇ ಮಾಡೂಣ್ರಿ, ಮೊದ್ಲ ಸ್ವೀಕೃತಿ ಕೊಡ್ರಿ” ಅನ್ನಿ. ಸಕಾಲದ ಜಿ.ಎಸ್.ಸಿ. ನಂಬರ್ ಇರುವ ಚೀಟಿ ಕೈಗೆ ಬರೂತನಕ ಕಿಟಕಿ ಬಿಡಬ್ಯಾಡ್ರಿ.