ತಲೆ ಎಲ್ಲಿ?

ನೆಂಟರ ಮನೆಗೆ ಹೋದರೆ ನಾವೆಲ್ಲ ಮೊದಲು ಕುರ್ಚಿ ಹುಡುಕುತ್ತೇವೆ. ನಮ್ಮ ಭಾವ ಹುಡುಕುವುದು ಅಟ್ಟದ ಏಣಿ. ಅಲ್ಲೊಂದು ತುಕ್ಕು ಹಿಡಿದ ಹೊಲಿಗೆ ಮಷಿನ್ ಇದ್ದೇ ಇರುತ್ತದೆಂದು ಅವರ ನಂಬಿಕೆ; ಹಾಳಾದ್ದು, ಇರುತ್ತದೆ ಕೂಡ. ತಿಥಿ ಮನೆಯಲ್ಲಿ ಎಲೆ ಹಾಕಿ ಕರೆದರೆ ಭಾವ ಪಂಚೆ ಎತ್ತಿ ಕಟ್ಟಿ ಮಷಿನ್ ನಂಬರ್ ಓದುತ್ತಿದ್ದರು. "ವೈ ಅಕ್ಷರ ಕಣೋ! ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಮಾಲು, 1935ರಿಂದ ಈಚೆಯದಲ್ಲ." ಸಿಂಗರ್ ಕಂಪನಿಯ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು ಎನ್ನುವಾಗ, ತಿಥಿ ಮಾಡುವವರಿಗಿಂತ ಇವರ ಗಂಟಲೇ ಹೆಚ್ಚು ಕಟ್ಟಿತ್ತು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ದೂರದಿಂದ ಕಂಡ ಕೂಡಲೇ ಗುಜರಿಯವನು ರೇಟು ಏರಿಸುತ್ತಾನೆ. ತಂದದ್ದು ನೇರ ಊಟದ ಮೇಜಿಗೆ. ಹಳೇ ಎಣ್ಣೆ ಒಣಗಿ ಅಂಟಾಗಿ ಚಕ್ರ ಬಿಗಿದುಕೊಂಡಿರುತ್ತದಲ್ಲ, ಅದಕ್ಕೆ ಮಷಿನ್ ಎಣ್ಣೆ ಬಿಟ್ಟು, ಅಕ್ಕನ ಹೇರ್ ಡ್ರೈಯರ್‌ನಿಂದ ಕಾವು ಕೊಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಾರೆ. ಸ್ಪಿರಿಟ್‌ಗೆ ಮನೆಯೊಳಗೆ ಪ್ರವೇಶವಿಲ್ಲ. ತಾಗಿದರೆ ಅರಗಿನ ಪಾಲಿಶ್ ಕರಗಿ ಹೊಂಬಣ್ಣದ ಬಳ್ಳಿಚಿತ್ರವೂ ಹೋಗುತ್ತದಂತೆ. ನನಗೆ ಇದೆಲ್ಲ ಹೇಗೆ ಗೊತ್ತೆಂದರೆ, ಟಾರ್ಚ್ ಹಿಡಿಯುವ ಕೆಲಸ ನನ್ನದು. ಅಕ್ಕ ರೇಗಿದರೆ, ಯಂತ್ರಗಳಿಗೆ ಮೂಗು ಮುರಿದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಮಷಿನ್‌ಗೆ ವಿನಾಯಿತಿ ಕೊಟ್ಟಿದ್ದರು ಎಂಬ ಉತ್ತರ ಸಿದ್ಧ. "ಗಾಂಧೀಜಿ ಅದರ ಪಕ್ಕದಲ್ಲಿ ಸಾರನ್ನ ಕಲಸಲಿಲ್ಲ" ಎನ್ನುತ್ತಾಳೆ ಅಕ್ಕ.

ಇವರ ಜೊತೆ ಹೋಟೆಲಿಗೆ ಮಾತ್ರ ಹೋಗಬಾರದು. ಮಷಿನ್ ಸ್ಟ್ಯಾಂಡಿಗೆ ಕಲ್ಲು ಕೂರಿಸಿ ಟೇಬಲ್ ಮಾಡುವುದು ಈಗಿನ ಷೋಕಿ. ಅಂಥದ್ದೊಂದರ ಮುಂದೆ ಕೂತದ್ದೇ ಭಾವನ ಮುಖ ಕೆಂಪಾಯಿತು. ಬಗ್ಗಿ ಕಾಲಿನ ಎರಕ ಸವರಿದರು. ಪೆಡಲ್ ತುಳಿದರು, ಕಿರ್ರೆಂದಿತು, ನನ್ನ ನೀರಿನ ಲೋಟ ಉರುಳಿತು. ಆರ್ಡರ್ ಕೇಳಲು ಬಂದ ಹುಡುಗನಿಗೆ ಗಡುಸಾಗಿ, "ಇದರ ತಲೆ ಎಲ್ಲಿ?" ಎಂದರು.

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. "ಸರ್, ಇದು ಪ್ಯೂರ್ ವೆಜ್."

"ತಲೆ ಕಣಯ್ಯಾ! ತಲೆ ತೆಗೆದು ಕಾಲು ಮಾತ್ರ ಇಟ್ಟಿದ್ದೀರಲ್ಲ!"

ಪಕ್ಕದ ಟೇಬಲಿನವರು ಬಿಲ್ ತರಿಸಿದರು. ನಾನು ಮೆನುವಿನ ಹಿಂದೆ ಅಡಗಿಕೊಂಡೆ.

ಆದರೆ ಮಷಿನ್‌ನ ಡ್ರಾಯರ್ ತೆಗೆಯುವಾಗ ಮನುಷ್ಯ ಬೇರೆಯೇ. ಹುಕ್ಕು, ಮುರಿದ ಸೂಜಿ, ಗುಂಡಿ, ಏನನ್ನೂ ಎಸೆಯುವುದಿಲ್ಲ. ಆಯಾ ಮಷಿನ್‌ನ ಹೆಸರಿನಲ್ಲಿ ಡಬ್ಬಿ ಕಟ್ಟಿಡುತ್ತಾರೆ. ಒಂದರಲ್ಲಿ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ ಬರಹ ಸಿಕ್ಕಿತು: ಮೇಷ್ಟ್ರ ಮನೆಯವರು, ತೋಳು 6, ಎದೆ 34, ದುಡ್ಡು ಬಾಕಿ. ಮಾರಿದ ಮನೆಗೆ ಅದನ್ನು ಹಿಡಿದುಕೊಂಡು ಹೋದರು. "ಅಜ್ಜಿ ಹೊಲೀತಿದ್ರಂತೆ" ಎಂದಷ್ಟೇ ಹೇಳಿ ಮೊಮ್ಮಗ ಮತ್ತೆ ಮೊಬೈಲ್ ನೋಡತೊಡಗಿದನಂತೆ. ಆ ಚೀಟಿ ಈಗ ಭಾವನ ಪರ್ಸಿನಲ್ಲಿದೆ. ಅಜ್ಜಿಗೆ ಬಾಕಿ ಬಂತೋ ಇಲ್ಲವೋ ಎಂಬ ಚಿಂತೆ ನನಗೂ ಅಂಟಿದೆ.

ಈಚೆಗೆ ಜಾಗ ಸಾಲದೆ ಒಂದು ಮಷಿನ್ ನಮ್ಮ ಮನೆಗೆ ತಂದಿಟ್ಟಿದ್ದಾರೆ. ನನ್ನ ಹೆಂಡತಿ ಎಣ್ಣೆ ಬಿಟ್ಟು ಕಿಟಕಿ ಪರದೆ ಹೊಲಿಯಲು ಕೂತಳು. ಸುದ್ದಿ ತಿಳಿದು ಭಾವ ಓಡಿಬಂದರು: "ಅಯ್ಯೋ, ಅದರಲ್ಲಿ ಬಟ್ಟೆ ಹೊಲೀತಾರೇನಮ್ಮಾ!"