ಬೇವಿನ ಗಿಡದ ಕೆಳಗಿನ ಅಂಬಾಸಿಡರ್

ನಮ್ಮ ಸೋದರಮಾವನ ಅಂಬಾಸಿಡರ್ ಕಾರಿನ ಮೇಲೆ ಕೊನೆಯ ಹನ್ನೊಂದು ವರ್ಷ ಒಡೆತನ ನಡೆಸಿದ್ದು ಕೋಳಿಗಳು. ಸಿಂಧನೂರಿನ ಹಳೆಯ ಮನೆಯ ಹಿತ್ತಲಲ್ಲಿ, ಬೇವಿನ ಗಿಡದ ಬುಡಕ್ಕೆ, ಅದು ನಾಲ್ಕೂ ಗಾಲಿಯ ಗಾಳಿ ಬಿಟ್ಟು ಕೂತಿತ್ತು. ಹಿಂದಿನ ಸೀಟಿನಲ್ಲಿ ಒಂದು ಜವಾರಿ ಹೇಂಟೆ ಕಾವಿಗೆ ಕೂರುತ್ತಿತ್ತು. ಸ್ಟೇರಿಂಗ್ ಹುಂಜನ ಪಾಲು. ನಸುಕಿನಲ್ಲಿ ಅದು ಅಲ್ಲಿಂದಲೇ ಕೂಗಿದರೆ ಮಾವ ಹಾಸಿಗೆಯಲ್ಲೇ ಮಗ್ಗಲು ಬದಲಿಸಿ, "ಹಾರ್ನ್ ಇನ್ನೂ ಚಲೋ ಐತಿ ನೋಡು" ಎನ್ನುತ್ತಿದ್ದರು.

1978ರ ಗಾಡಿ. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾಗಿ ತಮ್ಮೂರಿಗೆ ಹೊರಟವರೊಬ್ಬರಿಂದ ಮಾವ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಸ್ಟೇರಿಂಗಿನ ಪಕ್ಕಕ್ಕೆ ಗೇರು, ಎಡಗಾಲಿನಿಂದ ಒತ್ತುವ ಡಿಪ್ಪಿನ ಗುಂಡಿ, ಮುಂದೆ ಮಂಚದಂಥ ಉದ್ದನೆಯ ಸೀಟು. ಕಂಪನಿಯವರ ಲೆಕ್ಕದಲ್ಲಿ ಅದರಲ್ಲಿ ಐದಾರು ಮಂದಿ ಕೂರಬೇಕು. ಮಸ್ಕಿಯ ಮಲ್ಲಿಕಾರ್ಜುನನ ಗುಡ್ಡಕ್ಕೆ ನಾವು ಹೋದಾಗ ಹನ್ನೊಂದು ಮಂದಿ ಇದ್ದೆವು, ಜೊತೆಗೆ ರೊಟ್ಟಿ ಬುತ್ತಿ. ಅತ್ತೆ ಮಾತ್ರ ಇವತ್ತಿಗೂ ಹತ್ತೇ ಅನ್ನುತ್ತಾರೆ. ಡಿಕ್ಕಿಯಲ್ಲಿ ಕೂತಿದ್ದ ನನ್ನನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಈ ಎಲ್ಲ ನೆನಪು ಕೆದಕಿದ್ದು ಒಂದು ಮುಂಜಾನೆ, ಸಿಂಧನೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ. ಮಂಡಾಳ ವಗ್ಗರಣಿ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದಾಗ ಅಕ್ಕನ ಮಗ ಮೊಬೈಲು ಚಾಚಿದ. ಇಂಗ್ಲೆಂಡಿನ ಯಾವುದೋ ಬಯಲು. ಕಾಲು ಮೈಲಿಯಷ್ಟು ಸುತ್ತಳತೆಯ ದುಂಡು ದಾರಿಯಲ್ಲಿ ಮೂವತ್ತು ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಗುದ್ದುತ್ತಿವೆ. ಗುದ್ದಿದವನಿಗೆ ಬೈಗುಳವಿಲ್ಲ, ಚಪ್ಪಾಳೆ. ಇದಕ್ಕೆ ಅಲ್ಲಿ ಬ್ಯಾಂಗರ್ ರೇಸಿಂಗ್ ಅನ್ನುತ್ತಾರಂತೆ. ಸೈಲೆನ್ಸರಿನಲ್ಲಿ ಢಂ ಅನ್ನುವ ಮುದಿ ಗಾಡಿ ಅವರಿಗೆ ಬ್ಯಾಂಗರ್, ನಮಗೆ ಡಕೋಟಾ. ಹಾಗಾಗಿ ಇದನ್ನು ಡಕೋಟಾ ಓಟ ಎಂದುಕೊಳ್ಳೋಣ. ಲಂಡನ್ನಿನ ನ್ಯೂ ಕ್ರಾಸಿನಲ್ಲಿ 1954ರಲ್ಲಿ ಶುರುವಾದ ಸ್ಟಾಕ್ ಕಾರ್ ಓಟದ ಹೊಟ್ಟೆಯಿಂದ ಮುಂದೆ ಹುಟ್ಟಿದ ಕೂಸು ಇದು. ಗಾಜೆಲ್ಲ ತೆಗೆಯಬೇಕು, ಬಾಗಿಲು ಬಿಗಿಯಬೇಕು, ಪೆಟ್ರೋಲ್ ಟ್ಯಾಂಕು ಸುರಕ್ಷಿತ ಜಾಗಕ್ಕೆ ಬರಬೇಕು. ಆಮೇಲೆ ಗುದ್ದಬಹುದು. ಮೊದಲು ಬಂದವನಿಗೊಂದು ಕಪ್ಪು, ಚೆನ್ನಾಗಿ ಗುದ್ದಾಡಿ ಜನರನ್ನು ರಂಜಿಸಿದವನಿಗೂ ಒಂದು ಕಪ್ಪು. ಎರಡನೆಯ ಕಪ್ಪಿನ ಮೇಲೇ ಹೆಚ್ಚು ಮಂದಿಯ ಕಣ್ಣು ಇದ್ದೀತು ಎಂದು ನನ್ನ ಅಂದಾಜು.

ಅಲ್ಲಿಯವರೆಗೆ ನಾನೂ ನಗುತ್ತಲೇ ಇದ್ದೆ. ಆಮೇಲೆ ಪರದೆಯ ಮೂಲೆಯಿಂದ ಒಂದು ಮೋರಿಸ್ ಆಕ್ಸ್‌ಫರ್ಡ್ ಬಂತು. ಅಂಬಾಸಿಡರಿನ ಕುಲ ಗೊತ್ತಿದ್ದವರಿಗೆ ನನ್ನ ಸಂಕಟ ಅರ್ಥವಾದೀತು. 1956ರ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನೇ ಹಿಂದುಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾಕ್ಕೆ ತಂದು, ಅಂಬಾಸಿಡರ್ ಎಂದು ನಾಮಕರಣ ಮಾಡಿ, 2014ರವರೆಗೆ ಕಟ್ಟುತ್ತ ಹೋದರು. ನಾನು ಕಂಡದ್ದು ಅದರ ತಂಗಿ, 1959ರ ಈಚೆಗೆ ಇಟಲಿಯ ಫರೀನಾ ಬರೆದುಕೊಟ್ಟ, ಹಿಂದೆ ಮೀನಿನ ರೆಕ್ಕೆಯಂತೆ ಚೂಪು ಮೂಡಿದ ಮೈ. ಗುದ್ದಾಟದವರಿಗೆ ಇದೂ ಇದರ ಜೋಡಿ ಆಸ್ಟಿನ್ ಕೇಂಬ್ರಿಡ್ಜೂ ಬಲು ಅಚ್ಚುಮೆಚ್ಚು, ಗಟ್ಟಿ ಎಲುಬಿನವು ಎಂದು. ನಾನು ನೋಡುತ್ತಿದ್ದಂತೆ ಹಿಂದಿನಿಂದ ಬಂದ ಒಂದು ಹಾಳು ಗಾಡಿ ಅದರ ಬೆನ್ನಿಗೆ ಗುದ್ದಿತು. ನನಗೆ ಮಾವನ ಬೆನ್ನಿಗೇ ಗುದ್ದಿದಂತಾಯಿತು. "ಇವರಿಗೇನು ಬುದ್ಧಿ ಇಲ್ಲೇನು?" ಎಂದೆ, ತುಸು ಜೋರಾಗಿಯೇ.

ಹೀಗೆ ಕೂಗಿದವನು ನಾನೊಬ್ಬನೇ ಅಲ್ಲವಂತೆ. ಅಲ್ಲಿ ಈ ಜಗಳ ತಲೆಮಾರುಗಳಿಂದ ನಡೆದಿದೆ. ಹಳೆ ಕಾರು ಸಾಕುವವರು, "ಉಳಿದಿರುವವೇ ನಾಲ್ಕು, ಅವನ್ನೂ ಚಚ್ಚಿ ಹಾಕುತ್ತೀರಾ" ಎಂದು ಕಣ್ಣೀರಿಡುತ್ತಾರೆ. ಓಡಿಸುವವರು ಹೇಳುವುದು ಬೇರೆ: "ನಾವು ತರುವುದು ಕೊಟ್ಟಿಗೆಯಲ್ಲಿ ತುಕ್ಕು ತಿಂದು ಸತ್ತ ಕಾರು. ಗಾಜು, ಲೈಟು, ಹೊಳೆಯುವ ಪಟ್ಟಿ ಎಲ್ಲ ಬಿಚ್ಚಿ ನಿಮಗೇ ಮಾರುತ್ತೇವೆ. ನಿಮ್ಮ ಗಾಡಿ ಹೊಳೆಯುತ್ತಿರುವುದು ನಮ್ಮ ಗಾಡಿಯ ಕಣ್ಣು ಕಿತ್ತದ್ದರಿಂದ." 2009ರಲ್ಲಿ ಅಲ್ಲಿನ ಸರ್ಕಾರ ಹತ್ತು ವರ್ಷ ಮೀರಿದ ಕಾರು ಒಪ್ಪಿಸಿ ಹೊಸದು ಕೊಂಡರೆ 2000 ಪೌಂಡ್ ಬಿಡುವ ಯೋಜನೆ ತಂದಿತ್ತು. ಅರ್ಧ ಸರ್ಕಾರದ್ದು, ಅರ್ಧ ಕಂಪನಿಯದ್ದು. ವರ್ಷ ತುಂಬುವುದರೊಳಗೆ ಸುಮಾರು 4 ಲಕ್ಷ ಕಾರು ಹಿಟ್ಟಾದವು. ನಾವು ಐವತ್ತು ವರ್ಷ ಗುದ್ದಿದರೂ ಅಷ್ಟು ಮುಗಿಯುತ್ತಿರಲಿಲ್ಲ ಎಂಬುದು ಓಟದವರ ಬತ್ತಳಿಕೆಯ ಕೊನೆಯ ಬಾಣ. ಬಾಣ ಚೂಪಾಗಿದೆ ಎಂದು ಒಪ್ಪಬೇಕಾಯಿತು.

ನನ್ನ ಮಾತಿಗೆ ಉತ್ತರ ಬಂದದ್ದು ಪಕ್ಕದ ಟೇಬಲಿನಿಂದ. ಮಾವನ ಗಾಡಿಯನ್ನು ಇಪ್ಪತ್ತು ವರ್ಷ ರಿಪೇರಿ ಮಾಡಿದ ಮಿಸ್ತ್ರಿ ಅಲ್ಲಿ ಚಹಾ ಕುಡಿಯುತ್ತಿದ್ದ. ಮೊಬೈಲನ್ನು ಇಣುಕಿ ನೋಡಿ, ಬಸಿಯಲ್ಲಿದ್ದ ಚಹಾ ಮುಗಿಸಿ, ಸಾವಕಾಶ ಹೇಳಿದ: "ಸರ, ನಿಮ್ಮ ಗಾಡಿ ಕೋಳಿ ಹಿಕ್ಕಿಯೊಳಗ ಕುಂತು ಸತ್ತಿತು. ಇದು ಓಡಿಕೋಂತ ಸತ್ತೈತಿ. ಯಾವುದು ಚಲೋ ರೀ?"

ಮಿರ್ಚಿ ಖಾರವಾಗಿತ್ತು ಎಂಬ ನೆಪದಲ್ಲಿ ನೀರು ಕುಡಿದೆ.

ಈ ಮಿಸ್ತ್ರಿಯ ಬಗ್ಗೆ ಒಂದು ಮಾತು ಹೇಳಬೇಕು. ಅವನು ಸಿಂಧನೂರಿನ ಬಂಗಾಳಿ ಕ್ಯಾಂಪಿನವನು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ 1970ರ ದಶಕದಲ್ಲಿ ಇಲ್ಲಿ ನೆಲ ಕೊಟ್ಟು ನೆಲೆಗೊಳಿಸಿತು, ಆರ್.ಎಚ್. ಕ್ಯಾಂಪುಗಳೆಂದು ಈಗಲೂ ಕರೆಯುತ್ತೇವೆ. ಅವನು ಹುಟ್ಟಿದ್ದು ಇಲ್ಲೇ. ಅವನ ಕನ್ನಡ ನನ್ನದಕ್ಕಿಂತ ಖಡಕ್ಕು. ಹೂಗ್ಲಿ ನದಿಯನ್ನು ಅವನು ಕಂಡೇ ಇಲ್ಲ, ಅವನ ಹಿರಿಯರ ಊರಿಗೂ ಉತ್ತರಪಾರಾಕ್ಕೂ ನಡುವೆ ಈಗ ಒಂದು ದೇಶದ ಗಡಿಯೇ ಇದೆ. ಆದರೂ ಅಂಬಾಸಿಡರಿನ ಬಾನೆಟ್ ಎತ್ತಿದಾಗಲೆಲ್ಲ "ನಮ್ಮೂರ ಮಾಲು ರೀ ಇದು" ಎನ್ನುತ್ತಿದ್ದ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವನಿಗೂ ಉಪಯೋಗಕ್ಕೆ ಬೀಳುವ ಇನ್ನೊಂದು ಊರು ಬೇಕಾಗುತ್ತದೆ. ಅವನದು ಎಂಜಿನ್ನಿನೊಳಗಿತ್ತು.

ಗುದ್ದಾಟ ನೋಡಲು ಇಂಗ್ಲೆಂಡಿಗೇ ಹೋಗಬೇಕೆಂದಿಲ್ಲ. ಭತ್ತದ ಕೊಯ್ಲಿನ ದಿನಗಳಲ್ಲಿ ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಬಂದು ನೋಡಿ. ಐವತ್ತು ಚಿಲ್ಲರೆ ಕಿಲೋಮೀಟರ್. ಎದುರಿಗೆ ಹುಲ್ಲು ಹೇರಿಕೊಂಡು ಅರ್ಧ ರಸ್ತೆ ನುಂಗಿ ಬರುವ ಟ್ರ್ಯಾಕ್ಟರು, ಅದರ ಹಾಡು ಅದಕ್ಕಿಂತ ಒಂದು ಫರ್ಲಾಂಗು ಮುಂದೆ. ಹಿಂದೆ ಜನರನ್ನು ತಲೆಯ ಮೇಲೂ ಹೊತ್ತ ಕ್ರೂಸರು. ಎಡಕ್ಕೆ ಏಕಾಏಕಿ ನಿಲ್ಲುವ ಟಂಟಂ. ರಾತ್ರಿಯಾದರೆ ದೀಪವಿಲ್ಲದ ಟ್ರಾಲಿ. ಕೆಸರು ತುಳಿಯುವ ಕಬ್ಬಿಣದ ಗಾಲಿಯಲ್ಲೇ ಡಾಂಬರಿಗೆ ಇಳಿದು ಹೋಗುವ ಮಹಾನುಭಾವರೂ ಉಂಟು, ರಸ್ತೆಯನ್ನೂ ನಾಟಿಗೆ ಹದ ಮಾಡುವವರಂತೆ. ಅಲ್ಲಿನ ಓಟಕ್ಕೂ ಇಲ್ಲಿನದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಗುದ್ದಿದ ಮೇಲೂ ಓಟ ಮುಂದುವರಿಯುತ್ತದೆ, ಇಲ್ಲಿ ಗುದ್ದಿದ ಮೇಲೆ ಅರ್ಧ ತಾಸು ಪಂಚಾಯ್ತಿ.

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಪಂದ್ಯ ನಡೆಯುತ್ತದೆ. ಮುನ್ನೂರುಕಾಪು ಸಮಾಜದವರ ಮುಂಗಾರು ಹಬ್ಬ. ಟನ್ನುಗಟ್ಟಲೆ ಕಲ್ಲು, ಮಿರಮಿರ ಮಿಂಚುವ ಎತ್ತು, ಸುತ್ತ ಸಾವಿರಾರು ಮಂದಿ. ಅಲ್ಲಿಗೆ ಯಾರೂ ಮುದಿ ಎತ್ತು ತರುವುದಿಲ್ಲ. ತಂದರೆ ಜನ ಬಿಡುವುದಿಲ್ಲ. ಕಸುವಿದ್ದದ್ದು ಎಳೆಯಬೇಕು, ದಣಿದದ್ದು ಹಗ್ಗ ಬಿಚ್ಚಿಸಿಕೊಂಡು ನೆರಳಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ಧರ್ಮ. ಇದೇ ಧರ್ಮವನ್ನು ಮಾವ ಅಂಬಾಸಿಡರಿಗೂ ಅನ್ವಯಿಸಿದ್ದರು. ಕಣ್ಣಿಗೆ ಪೊರೆ ಬಂದು 2011ರಲ್ಲಿ ಅವರು ಸ್ಟೇರಿಂಗ್ ಬಿಟ್ಟಾಗ ಗಾಡಿಯನ್ನು ಮಾರಲಿಲ್ಲ, ನೆರಳಿಗೆ ಕಟ್ಟಿದರು. ಎತ್ತಿಗಾದರೆ ನೆರಳಿನಲ್ಲಿ ಮೇವು ಹಾಕುತ್ತಾರೆ. ಗಾಡಿಗೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು. ಅದನ್ನು ಗಾಲಿಯಡಿ ಇಡುತ್ತಿದ್ದೆವು. ಗಾಲಿ ಉರುಳದ ಕಾರಣ ಹಣ್ಣು ಅಲ್ಲೇ ಒಣಗುತ್ತಿತ್ತು. ಕೊನೆಗೆ ಗಾಡಿ ಬಿಚ್ಚುವ ದಿನ ನೋಡಿದಾಗ ಗಾಲಿಗಳ ಕೆಳಗೆ ಒಣಗಿ ಕಪ್ಪಾದ ನಿಂಬೆಹಣ್ಣುಗಳ ಒಂದು ಸಣ್ಣ ಇತಿಹಾಸವೇ ಇತ್ತು.

ಇತಿಹಾಸ ಅಂದೊಡನೆ ಮಸ್ಕಿ ನೆನಪಾಗದೆ ಇರುತ್ತದೆಯೇ. ಅಲ್ಲಿನ ಗುಡ್ಡದ ಬಂಡೆಯ ಮೇಲಿನ ಅಕ್ಷರ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿತ್ತು. ಅವನು ಹುಡುಕುತ್ತಿದ್ದದ್ದು ಬಂಗಾರ, ಸಿಕ್ಕಿದ್ದು ಅಶೋಕ. ಅಲ್ಲಿಯವರೆಗೆ ಶಾಸನಗಳ ದೇವಾನಾಂಪ್ರಿಯ ಯಾರು ಎಂಬುದು ತರ್ಕದ ಮಾತಾಗಿತ್ತು. ಮಸ್ಕಿಯ ಕಲ್ಲು ಹೆಸರು ಹಿಡಿದು ಹೇಳಿತು. ಅಶೋಕನ ಹೆಸರಿರುವ ಕಲ್ಲು ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲೂ ಮಧ್ಯಪ್ರದೇಶದ ಗುಜರ್ರಾದಲ್ಲೂ ಸಿಕ್ಕಿತು. ಗುಜರ್ರಾಕ್ಕೂ ಗುಜರಿಗೂ ಸಂಬಂಧವಿಲ್ಲ, ಇದ್ದಿದ್ದರೆ ಈ ಪ್ರಬಂಧಕ್ಕೆ ಅನುಕೂಲವಾಗುತ್ತಿತ್ತು. ನನಗೆ ಕಾಡುವುದು ಬೇರೆ ಯೋಚನೆ. ಎರಡು ಸಾವಿರ ವರ್ಷಕ್ಕೂ ಮೇಲೆ ಅಲ್ಲಿ ಎಷ್ಟು ಕುರಿಗಾಹಿಗಳು ಬೆನ್ನು ಒರಗಿಸಿರಬೇಕು, ಎಷ್ಟು ಮಂದಿ ಕುಡಗೋಲು ಮಸೆದಿರಬೇಕು. ಒಬ್ಬನಿಗೆ ಮನೆ ಕಟ್ಟಲು ಕಲ್ಲು ಬೇಕಾಗಿ ಸುತ್ತಿಗೆ ತಂದಿದ್ದರೆ? ತಂದಿದ್ದರೂ ಅವನನ್ನು ಬೈಯುವಂತಿರಲಿಲ್ಲ. ಓದು ಬಾರದ ದಿನ ಅದು ಬರೀ ಕಲ್ಲು. ಮಸ್ಕಿಯ ಬಂಡೆ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ, ಅದನ್ನು ಯಾರೂ ಮುಟ್ಟದೆ ಬಿಟ್ಟದ್ದರಿಂದ. ಕಲ್ಲಿಗೆ ಆ ಉಪಾಯ ನಡೆಯುತ್ತದೆ. ಕಬ್ಬಿಣಕ್ಕೆ ನಡೆಯುವುದಿಲ್ಲ. ಮುಟ್ಟದೆ ಬಿಟ್ಟರೆ ಅದು ತನ್ನನ್ನು ತಾನೇ ತಿನ್ನುತ್ತದೆ. ಇದು ನನಗೆ ಗೊತ್ತಾಗಲು ಹನ್ನೊಂದು ವರ್ಷ ಬೇಕಾಯಿತು, ಮಿಸ್ತ್ರಿಗೆ ಮೊದಲ ಮಳೆಗಾಲದಲ್ಲೇ ಗೊತ್ತಿತ್ತು.

ಉಳಿಸಿಕೊಳ್ಳುವ ಮನಸ್ಸು ನನಗೆ ಬರಲಿಲ್ಲವೆಂದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ಮೈಕಟ್ಟು ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನ ನಡುವೆ ವಿ.ಎ. ಎಂಬ ಗೌರವದ ಅಕ್ಷರ. ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದಕ್ಕಷ್ಟೇ ರಸ್ತೆಗೆ ತರಬಹುದು, ಸಂತೆಗೆ ಒಯ್ಯುವಂತಿಲ್ಲ. ನಮ್ಮದಕ್ಕೆ ಆಗ 43. ವಿಂಟೇಜ್ ಅನ್ನಿಸಿಕೊಳ್ಳಲು ಏಳು ವರ್ಷ ಕಡಿಮೆ, ರಸ್ತೆಗೆ ಇಳಿಯಲು ಬಹಳ ವರ್ಷ ಹೆಚ್ಚು. ಯಾವ ಪಟ್ಟಿಗೂ ಸೇರದ ಈ ನಡುವಯಸ್ಸು ಎಂಥದೆಂದು ನನಗೆ ಹೇಳಿಕೊಡಬೇಕಿಲ್ಲ. ನಾನೂ ಅದರಲ್ಲೇ ಇದ್ದೇನೆ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು 2023ರಲ್ಲಿ ತೆರೆದ 'ಪಯಣ' ಸಂಗ್ರಹಾಲಯಕ್ಕೆ ಆಮೇಲೆ ಹೋಗಿದ್ದೆ. ಒಂದೊಂದು ಕಾರೂ ಮದುವಣಗಿತ್ತಿಯ ಹಾಗೆ ನಿಂತಿತ್ತು. ನೋಡಿ ಸಂತೋಷವಾಯಿತು, ನಿಜ. ಆದರೆ ಅಲ್ಲಿ ಒಂದರ ಡಿಕ್ಕಿಯಲ್ಲೂ ಒಬ್ಬ ಹುಡುಗ ಕೂತು ಗುಡ್ಡಕ್ಕೆ ಹೋಗಿ ಬಂದ ಗುರುತು ಕಾಣಲಿಲ್ಲ. ಅಷ್ಟು ಒರೆಸಿದರೆ ಉಳಿಯುವುದಾದರೂ ಹೇಗೆ?

2022ರ ಬೇಸಿಗೆಯಲ್ಲಿ ಮಾರಿದೆವು. ಲಿಂಗಸುಗೂರಿನ ಗುಜರಿಯವನು ಬರುವ ಮೊದಲು ಮಿಸ್ತ್ರಿ ಎರಡು ದಿನ ಬಂದು ತನಗೆ ಬೇಕಾದ್ದು ಬಿಚ್ಚಿಕೊಂಡ. ಅಲ್ಲೇ ಆಚೆ ಹಟ್ಟಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವ ಬಂಗಾರ ಕೆಲವೇ ಗ್ರಾಂ. ಹೆಚ್ಚು ಕಡಿಮೆ ಒಂದು ಟನ್ನಿನ ಅಂಬಾಸಿಡರಿನಿಂದ ಇವನು ತೆಗೆದದ್ದು ಒಂದು ಕಾರ್ಬ್ಯುರೇಟರು, ಎರಡು ಬಾಗಿಲ ಹಿಡಿ, ಹಿಂದಿನ ಒಂದು ಲೈಟು, ಆ ಕಾಲಿನ ಡಿಪ್ಪಿನ ಗುಂಡಿ. "ಗಂಗಾವತಿಯಾಗ ಒಬ್ಬರ ಗಾಡಿ ಇನ್ನೂ ಓಡತೈತ್ರಿ, ಅದಕ್ಕ ಹಾಕತೀನಿ" ಎಂದ. ಇಂಗ್ಲೆಂಡಿನ ಓಟದವರು ಮಾಡುವುದೂ ಇದನ್ನೇ ಅಲ್ಲವೇ ಎಂದು ಹೊಳೆದದ್ದು ಈಚೆಗೆ. ಹೇಂಟೆಯನ್ನು ಎಬ್ಬಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಗುಜರಿಯವನು ಮಿಕ್ಕಿದ್ದನ್ನು ಕಿಲೋಗೆ 28 ರೂಪಾಯಿಯಂತೆ ತೂಗಿದ. ಅಂಬಾಸಿಡರ್ ಎಂಬ ಬರೀ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿಗೆ ಕೊಂಡಿತ್ತು. ಹೆಸರಿಗೆ ತುಕ್ಕು ಹಿಡಿಯುವುದಿಲ್ಲ ನೋಡಿ.

ಆದ್ದರಿಂದ ಡಕೋಟಾ ಓಟದವರ ಮೇಲೆ ಹೂಡಿದ್ದ ಮೊಕದ್ದಮೆಯನ್ನು ನಾನು ವಾಪಸು ಪಡೆದಿದ್ದೇನೆ. ದಿನಾ ಎಣ್ಣೆ ಹಾಕಿ ಒರೆಸಿ ಓಡಿಸುವ ಆ ಗಂಗಾವತಿಯವರಿಗೆ ಬೈಯುವ ಹಕ್ಕಿದೆ. ಗಿಡದ ಕೆಳಗೆ ನಿಲ್ಲಿಸಿ ನಿಂಬೆಹಣ್ಣು ಇಟ್ಟವನಿಗೆ ಇಲ್ಲ.

ಒಂದನ್ನು ಮಾತ್ರ ತೂಕಕ್ಕೆ ಹಾಕಲು ಅತ್ತೆ ಬಿಡಲಿಲ್ಲ, ಮುಂದಿನ ಆ ಉದ್ದನೆಯ ಸೀಟು. ಬಡಿಗನಿಂದ ನಾಲ್ಕು ಕಾಲು ಹಚ್ಚಿಸಿ ಪಡಸಾಲೆಯಲ್ಲಿ ಹಾಕಿದ್ದೇವೆ. ಮಾವನಿಗೆ ಈಗ ಎಂಬತ್ತಾರು, ಊಟವಾದ ಮೇಲೆ ಅದರ ಬಲತುದಿಯಲ್ಲೇ ಕೂರುತ್ತಾರೆ, ಡ್ರೈವರ್ ಕಡೆ. ಹೇಂಟೆ ಆಗಾಗ ಬಂದು ತನ್ನ ಹಕ್ಕು ಕೇಳುತ್ತದೆ. ಸಿಂಧನೂರಿನ ಕಡೆ ಬಂದರೆ ಮನೆಗೆ ಬನ್ನಿ, ಚಹಾ ಕುಡಿದು ಹೋಗುವಿರಂತೆ. ಎಡಗಡೆ ಕೂರುವವರು ತುಸು ನೋಡಿಕೊಂಡು ಕೂರಿ, ಅಲ್ಲೊಂದು ಸ್ಪ್ರಿಂಗು ಎದ್ದಿದೆ.